ರಾತ್ರಿ ಎರಡು ಗಂಟೆಗೆ ನಮ್ಮನೆ ಲೈಟ್ ಯಾಕ್ ಉರೀತದೆ ಅಂದ್ರೆ

ಈ ಪ್ರಶ್ನೆ ಕೇಳ್ದೆ ಇರೋರು ನಮ್ಮ ಬೀದೀಲಿ ಯಾರೂ ಉಳಿದಿಲ್ಲ. ಎದುರುಮನೆ ಅಕ್ಕ ಹಾಲು ಹಾಕಿಸ್ಕೊಳ್ಳೋವಾಗ ಕೇಳಿದ್ರು. ನರಸೀಪುರದಿಂದ ದೊಡ್ಡವ್ವ ಫೋನ್ ಮಾಡಿ ಕೇಳಿದ್ರು. ಮುಡುಕುತೊರೆ ಜಾತ್ರೇಲಿ ಸಿಕ್ಕಿದ ಅತ್ತಿಗೆ ಪುರಿ ಕಟ್ಟಿಸ್ಕೊಳ್ತಾನೇ ಕೇಳಿದ್ರು. ಕೇಳಿ ಸುಮ್ನೆ ಬಿಡೋರೂ ಅಲ್ಲ. "ಅಲ್ಲ ಕಣವ್ವ, ಅತ್ತೆ ಹಾಸಿಗೆ ಹಿಡಿದವ್ರೆ, ಮಗ ಏಳನೇ ಕ್ಲಾಸು, ನಿಂಗೆ ಆ ರಾತ್ರಿ ಕೆಲ್ಸ ಯಾಕೆ ಬೇಕು? ಬುಟ್ಬುಡು" ಅಂತ ಒಂದು ಮಾತು ಸೇರಿಸೇ ಹೋಗ್ತಾರೆ.

ಒಬ್ಬೊಬ್ರಿಗೂ ಬಿಡಿಬಿಡಿಯಾಗಿ ಹೇಳೋಕೆ ಆಗ್ಲಿಲ್ಲ. ಎಲ್ಲಾರಿಗೂ ಸೇರಿಸಿ ಇಲ್ಲೇ ಹೇಳ್ಬಿಡ್ತೀನಿ. ವಸಿ ಉದ್ದ ಆಗ್ತದೆ. ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಇಳಿಸಿ ಬಂದು ಓದಿ.

ಕಂಪ್ಯೂಟರ್ ಪ್ರೋಗ್ರಾಂ ಅಂದ್ರೆ ಸಾಲು ಸಾಲಾಗಿ ಬರೆದಿರೋ ಆಜ್ಞೆಗಳು. ಹುಳಿಪುಡಿ ಮಾಡೋ ವಿಧಾನ ಬರ್ಕೊಂಡಿರ್ತೀವಲ್ಲ, ಹಂಗೆ. ಮೊದ್ಲು ಕಡ್ಲೆಬೇಳೆ ಹುರಿ, ಆಮೇಲೆ ಕೊತ್ತಂಬ್ರಿಬೀಜ, ಆಮೇಲೆ ಮೆಣಸಿನ್‌ಕಾಯಿ. ಕಂಪ್ಯೂಟರ್ ಇಂಥಾ ಆಜ್ಞೆಗಳನ್ನ ಸೆಕೆಂಡಿಗೆ ಕೋಟಿಗಟ್ಲೆ ಮುಗಿಸ್ತದೆ. ಕೊನೇಲಿ ಪುಡಿ ಕಹಿ ಆಯ್ತು ಅಂದ್ರೆ ಯಾವ ಸಾಲಲ್ಲಿ ಸೀದೋಯ್ತು ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಅದಕ್ಕೇ ಡೀಬಗರ್ ಅಂತ ಒಂದು ಸಾಧನ ಇದೆ. ಓಡ್ತಿರೋ ಪ್ರೋಗ್ರಾಮನ್ನ ಅದು ಕೈ ಹಿಡಿದು ನಿಲ್ಲಿಸ್ತದೆ. "ಒಂದು ಸಾಲು ಮುಂದೆ ಹೋಗು" ಅಂದ್ರೆ ಒಂದೇ ಸಾಲು ಹೋಗಿ ನಿಲ್ತದೆ. ಬಾಣಲೇಲಿ ಈಗ ಏನಿದೆ, ಎಷ್ಟಿದೆ ಅಂತ ನಾವು ಇಣುಕಿ ನೋಡಬಹುದು. ಒಂದೊಂದೇ ಸಾಲು ಹೋಗೋದಕ್ಕೆ 'ಸ್ಟೆಪ್' ಅಂತಾರೆ.

ನಾನು ದಿನಾ ಹಿಡಿಯೋ ಡೀಬಗರ್ ಹೆಸರು ಜಿಡಿಬಿ. ಗ್ನೂ ಯೋಜನೆಗೆ ಅಂತ ರಿಚರ್ಡ್ ಸ್ಟಾಲ್ಮನ್ ಅನ್ನೋರು 1986ರಲ್ಲಿ ಶುರು ಮಾಡಿದ್ದು. ಯಾರು ಬೇಕಾದ್ರೂ ಕಾಸಿಲ್ದೆ ತಕ್ಕೋಬಹುದು, ಒಳಗೇನಿದೆ ಅಂತ ಬಿಚ್ಚಿ ನೋಡಬಹುದು, ತಿದ್ದಬಹುದು. ನಾನು ಕೆಲ್ಸ ಮಾಡೋ ಕಂಪ್ನಿ ಹೊಸ ಪ್ರೊಸೆಸರ್ ಮಾಡ್ತದೆ. ಆ ಹೊಸ ಬೋರ್ಡ್ ಮೇಲೆ ಜಿಡಿಬಿ ಸರಿಯಾಗಿ ನಡೀತದಾ ಇಲ್ವಾ ಅಂತ ನೋಡೋದು ನನ್ನ ಪಾಲಿನ ಕೆಲ್ಸ. ತಕ್ಕಡೀನೇ ಸುಳ್ಳು ಹೇಳಿದ್ರೆ ತೂಕ ಹಾಕಿ ಏನ್ ಬಂತು? ನಾನು ತಕ್ಕಡಿ ಪರೀಕ್ಷೆ ಮಾಡೋಳು ಅಂತ ಇಟ್ಕೊಳಿ.

ಈ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ತಲೆ ತಿನ್ನೋದು ಸಿಗ್ನಲ್ಲಿಂದು. ಅದನ್ನ ಹೇಳೋಕೆ ನಮ್ಮಜ್ಜಿ ಬೇಕು.

ನರಸೀಪುರದಲ್ಲಿ ನಮ್ಮಜ್ಜಿ ಬತ್ತ ಅಳೆಯೋದನ್ನ ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಒಂದು ಅನ್ನೋ ಜಾಗದಲ್ಲಿ "ಲಾಭ" ಅನ್ನೋರು, ಆಮೇಲೆ ಎರಡು, ಮೂರು. ಅಳೀತಾ ಇರೋವಾಗ ಯಾರಾದ್ರೂ "ಅವ್ವೋ, ಕರು ಹಗ್ಗ ಬಿಚ್ಕೊಂಡ್ತು" ಅಂತ ಕೂಗಿದ್ರೆ ಎದ್ದು ಓಡೋರಲ್ಲ. ಎಷ್ಟಾಗಿತ್ತೋ ಅಷ್ಟು ಹುಣಸೆಬೀಜ ಎಣಿಸಿ ರಾಶಿ ಪಕ್ಕ ಇಡೋರು. ಅಳೆಯೋ ಪಾತ್ರೇಲಿ ಅರ್ಧ ತುಂಬಿದ್ರೆ ಅದನ್ನ ಹಂಗೇ ಮುಚ್ಚಿಡೋರು. ಆಮೇಲೆ ಹೋಗಿ ಕರು ಕಟ್ಟಿ, ಕೈ ತೊಳ್ಕೊಂಡು ಬಂದು, ಬೀಜ ನೋಡಿ, ಅದೇ ಅರ್ಧದಿಂದ ಅಳೆಯೋರು. ಬತ್ತಕ್ಕೆ ಅಜ್ಜಿ ಎದ್ದು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ.

ಸಿಗ್ನಲ್ ಅಂದ್ರೆ ಆ ಕೂಗು. ಪ್ರೋಗ್ರಾಂ ತನ್ನ ಪಾಡಿಗೆ ತಾನು ಸಾಲು ಸಾಲು ಹೋಗ್ತಿರ್ತದೆ, ಎಲ್ಲಿಂದ್ಲೋ ಒಂದು ಕರೆ ಬರ್ತದೆ. ಲಿನಕ್ಸ್‌ನಲ್ಲಿ ಇವಕ್ಕೆ 64ರವರೆಗೆ ನಂಬರ್ ಇದೆ, ಹಳೇ ಕಾಲದವು ಮೊದಲ 31. ನಂಬರ್ 14 ಅಂದ್ರೆ ಗಡಿಯಾರದ ಅಲಾರಂ. 2 ಅಂದ್ರೆ ಕೀಬೋರ್ಡಲ್ಲಿ ಕಂಟ್ರೋಲ್-ಸಿ ಒತ್ತಿದ್ದು. 11 ಅಂದ್ರೆ ತನ್ನದಲ್ಲದ ಜಾಗಕ್ಕೆ ಕೈ ಹಾಕಿದ್ದು. 9 ಬಂತು ಅಂದ್ರೆ ಪ್ರೋಗ್ರಾಂ ಕತೆ ಮುಗೀತು, "ಒಂದ್ ನಿಮಿಷ ಇರಿ" ಅನ್ನೋಕೂ ಬಿಡಲ್ಲ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ "ಈ ಕರೆ ಬಂದ್ರೆ ಈ ಕೆಲ್ಸ ಮಾಡು" ಅಂತ ಮೊದ್ಲೇ ಬರೆದಿಟ್ಟಿರಬಹುದು. ಹಂಗೆ ಬರೆದಿಟ್ಟ ತುಂಡಿಗೆ ಹ್ಯಾಂಡ್ಲರ್ ಅಂತಾರೆ. ಕರೆ ಬಂದ ಕೂಡ್ಲೆ ಕರ್ನಲ್, ಅಂದ್ರೆ ಮನೆ ಯಜಮಾನ್ತಿ ಅಂತ ಇಟ್ಕೊಳಿ, ಪ್ರೋಗ್ರಾಂ ಎಲ್ಲಿತ್ತು, ಕೈಯಲ್ಲಿ ಏನೇನು ಹಿಡಿದಿತ್ತು ಅನ್ನೋದನ್ನೆಲ್ಲ ಪಕ್ಕದಲ್ಲಿ ಜೋಡಿಸಿಟ್ಟು ಹ್ಯಾಂಡ್ಲರ್ ಕಡೆ ಕಳಿಸ್ತಾಳೆ. ಅದು ಮುಗಿದ ಮೇಲೆ ಜೋಡಿಸಿಟ್ಟಿದ್ದನ್ನೆಲ್ಲ ವಾಪಸ್ ಕೈಗೆ ಕೊಟ್ಟು ಬಿಟ್ಟ ಜಾಗಕ್ಕೇ ತಂದು ನಿಲ್ಲಿಸ್ತಾಳೆ. ಹುಣಸೆಬೀಜ ಇಟ್ಟಂಗೇ.

ಡೀಬಗರ್ ಹಿಡ್ಕೊಂಡಿರೋ ಪ್ರೋಗ್ರಾಮಿಗೆ ಕರೆ ನೇರವಾಗಿ ಹೋಗಲ್ಲ, ಮೊದ್ಲು ಡೀಬಗರ್ ಹತ್ರ ಬರ್ತದೆ. ಜಿಡಿಬಿಲಿ ಪ್ರತಿ ಸಿಗ್ನಲ್ಲಿಗೂ ಮೂರು ಮಾತು ಬರೆದಿರ್ತದೆ: ಇದು ಬಂದ್ರೆ ಪ್ರೋಗ್ರಾಮನ್ನ ನಿಲ್ಲಿಸ್ಬೇಕಾ, ಬಂತು ಅಂತ ಹೇಳ್ಬೇಕಾ, ಪ್ರೋಗ್ರಾಮಿಗೆ ಮುಟ್ಟಿಸ್ಬೇಕಾ. ನಾವೇನೂ ಬದಲಾಯಿಸ್ದೆ ಇದ್ರೆ ಅಲಾರಂ ಬಂದಾಗ ನಿಲ್ಲಿಸಲ್ಲ, ಹೇಳಲ್ಲ, ಮುಟ್ಟಿಸ್ತದೆ. ಕಂಟ್ರೋಲ್-ಸಿ ಬಂದ್ರೆ ನಿಲ್ಲಿಸ್ತದೆ, ಹೇಳ್ತದೆ, ಆದ್ರೆ ಮುಟ್ಟಿಸಲ್ಲ, ಯಾಕಂದ್ರೆ ಅದು ಡೀಬಗರಿಗೇ ಹೇಳಿದ ಮಾತು. 11 ಬಂದ್ರೆ ಮೂರೂ ಮಾಡ್ತದೆ.

ಇದನ್ನ ಮೊದಲ ಸಲ ಓದಿದಾಗ ನಂಗೆ ನಮ್ಮತ್ತೆ ನೆನಪಾಗಿದ್ರು. ಅವರು ಜಗಲಿ ಮೇಲೆ ಕೂತಿರೋವಷ್ಟು ದಿನ ಮನೆಗೆ ಬರೋ ಕರೆ ಎಲ್ಲಾ ಮೊದ್ಲು ಅವರಿಗೇ. ಸೊಪ್ಪಿನೋಳು ಬಂದ್ರೆ ತಾವೇ ಮಾತಾಡಿ ಕಳಿಸೋರು. ಚೀಟಿ ದುಡ್ಡಿನೋರು ಬಂದ್ರೆ ಸಾಯಂಕಾಲ ಹೇಳೋರು. ಮಗನ ಸ್ಕೂಲಿಂದ ಫೋನ್ ಬಂದ್ರೆ ಮಾತ್ರ "ವಸಿ ಇತ್ತಗ್ ಬಾರವ್ವ" ಅಂತ ಮೆಟ್ಲು ಕೆಳಗಿಂದ ಕೂಗೋರು. ಏಳು ವರ್ಷ ನಾನು ಮಹಡಿ ರೂಮಲ್ಲಿ ಕೂತು ಕೆಲ್ಸ ಮಾಡಿದ್ದು ಅವರು ಕೆಳಗೆ ಕೂತು ಕಾದಿದ್ದಕ್ಕೆ. ಯಾರೂ ಅದನ್ನ ಕೆಲ್ಸ ಅಂತ ಕರೀಲಿಲ್ಲ. ಅವರೂ ಕರೀಲಿಲ್ಲ.

ಕಾರ್ತಿಕದಲ್ಲಿ ಬಚ್ಚಲಲ್ಲಿ ಜಾರಿದ್ರು. ಸೊಂಟದ ಮೂಳೆ ಮುರೀತು. ಮೈಸೂರಲ್ಲಿ ಆಪರೇಷನ್ ಆಯ್ತು. ಎಂಟನೇ ದಿನ ಮನೆಗೆ ಕರ್ಕೊಂಡು ಬಂದ್ವಿ. ಅವತ್ತಿಂದ ಜಗಲಿ ಖಾಲಿ. ಕುಕ್ಕರ್ರು, ಕೊರಿಯರ್ರು, ನೀರು ಬಿಡೋ ಹೊತ್ತು, ಪಕ್ಕದ ಮನೆ ಕೂಗು, ಅತ್ತೆ ಮಂಚದ ಗಂಟೆ, ಎಲ್ಲಾ ನೇರ ನನ್ನ ತಲೆಗೇ. ಅದೇ ತಿಂಗಳು ಆಫೀಸಿಂದಲೂ ಒಂದು ಮಾತು ಬಂತು: ಮನೆಯಿಂದ ಕೆಲ್ಸ ಮಾಡೋರ ಪಟ್ಟಿ ಚಿಕ್ಕದು ಮಾಡ್ತಿದ್ದೀವಿ, ಈ ಬೋರ್ಡಿನ ಸಿಗ್ನಲ್ ಪರೀಕ್ಷೆ ನಿಮ್ಮ ಕೈಲಿದೆ, ಅದರಲ್ಲೊಂದು ಫೇಲ್ ಕೂತಿದೆ, ತಿಂಗಳೊಳಗೆ ಕಾರಣ ತಿಳೀದಿದ್ರೆ ಬೆಂಗ್ಳೂರಿಗೆ ಬರಬೇಕಾಗ್ತದೆ ಅಥವಾ ಬೇರೆಯವರಿಗೆ ಬಿಟ್ಟುಕೊಡಬೇಕಾಗ್ತದೆ. ಬೆಂಗ್ಳೂರಿಗೆ ನಾನು ಎಲ್ಲಿಂದ ಹೋಗ್ಲಿ? ಲೈಟ್ ಉರಿಯೋಕೆ ಶುರು ಆಗಿದ್ದು ಆಗ.

ಆ ಪರೀಕ್ಷೆ ಹೆಂಗಿರ್ತದೆ ಅಂತ ಹೇಳ್ತೀನಿ. ಒಂದು ಪುಟಾಣಿ ಪ್ರೋಗ್ರಾಂ. ಅದು ಸುಮ್ನೆ ಸುತ್ತು ಹಾಕ್ತಾ ಇರ್ತದೆ. ಅಲಾರಂ ಇಟ್ಟಿರ್ತೀವಿ. ಅಲಾರಂ ಹೊಡೆದ ಕೂಡ್ಲೆ ಹ್ಯಾಂಡ್ಲರ್ ಓಡಿ "ಆಯ್ತು" ಅಂತ ಒಂದು ಗುರುತು ಹಾಕಿ ವಾಪಸ್ ಬರಬೇಕು. ಇದನ್ನ ಕೈಯಲ್ಲಿ ಮಾಡಲ್ಲ. ನಾವು ಟೈಪ್ ಮಾಡಿದಂಗೇ ಟೈಪ್ ಮಾಡಿ, ಪರದೆ ಮೇಲೆ ಏನು ಬರ್ತದೆ ಅಂತ ಕಾದು ನೋಡಿ, ಪಾಸು ಫೇಲು ಬರೆಯೋ ಡೆಜಾಗ್ನೂ ಅಂತ ಒಂದು ವ್ಯವಸ್ಥೆ ಇದೆ.

ಮೊದಲನೇ ಪರೀಕ್ಷೆ: "ಒಂದು ಸಾಲು ಹೋಗು" ಅಂದಿದ್ದೀವಿ, ಆ ಸಾಲಿನ ಮಧ್ಯೆ ಅಲಾರಂ ಹೊಡೀತು. ನಿಲ್ಲಬೇಡ ಅಂತಲೂ ಹೇಳಿದ್ದೀವಿ. ಆಗ ಡೀಬಗರ್ ಬಿಟ್ಟ ಜಾಗದಲ್ಲಿ ಗುಟ್ಟಾಗಿ ಒಂದು ಗುರುತು ನೆಟ್ಟು, ಹ್ಯಾಂಡ್ಲರ್ ಪೂರ್ತಿ ಓಡೋಕೆ ಬಿಟ್ಟು, ವಾಪಸ್ ಬಂದ ಮೇಲೆ ಗುರುತು ಕಿತ್ತು, ಆ ಸಾಲು ಮುಗಿಸಿ, ಮುಂದಿನ ಸಾಲಲ್ಲಿ ನಿಲ್ಲಬೇಕು. ನಮ್ಮ ಕಣ್ಣಿಗೆ ನಡುವೆ ಏನೂ ಆಗಿಲ್ಲ ಅನ್ನಿಸ್ಬೇಕು.

ಎರಡನೇದು: ಹ್ಯಾಂಡ್ಲರ್ ಒಳಗೇ "ಇಲ್ಲಿ ನಿಲ್ಲು" ಅಂತ ಗುರುತಿಟ್ಟಿದ್ರೆ, ಸ್ಟೆಪ್ ಮಾಡ್ತಿದ್ರೂ ಅಲ್ಲಿ ನಿಲ್ಲಲೇಬೇಕು. ಇದ್ರಲ್ಲಿ ಒಂದು ಸೂಕ್ಷ್ಮ ಇದೆ. ನಿಲ್ಲೋ ಗುರುತು ಅಂದ್ರೆ ಆ ಜಾಗದ ಅಸಲು ಆಜ್ಞೆ ತೆಗೆದು ಅಲ್ಲಿ "ನಿಲ್ಲು" ಅನ್ನೋ ಆಜ್ಞೆ ಕೂರಿಸೋದು. ನಾವು ನಿಂತಿರೋ ಸಾಲಲ್ಲೂ ಒಂದು ಗುರುತಿದ್ರೆ, ಮುಂದೆ ಹೋಗೋಕೆ ಡೀಬಗರ್ ಒಂದು ಗಳಿಗೆ ಗುರುತುಗಳನ್ನ ಎತ್ತಬೇಕಾಗ್ತದೆ. ಅದೇ ಗಳಿಗೇಲಿ ಅಲಾರಂ ಹೊಡೆದ್ರೆ? ಹ್ಯಾಂಡ್ಲರ್ ಒಳಗಿನ ಗುರುತೂ ಎತ್ತಿರ್ತದೆ, ನಿಲ್ಲದೆ ದಾಟಿಹೋಗ್ತದೆ. ಹಸು ಆಚೆ ಬುಡೋಕೆ ಅಗುಳಿ ತೆಗೆದ ಹೊತ್ಗೆ ಆಡು ಒಳಕ್ಕೆ ನುಗ್ಗಿದಂಗೆ. ಹಂಗಾಗ್ದಂಗೆ ಜಿಡಿಬಿ ಎಚ್ಚರ ವಹಿಸ್ತದೆ, ವಹಿಸ್ತಾ ಇದೆಯಾ ಅಂತ ನಾವು ನೋಡ್ಬೇಕು.

ಮೂರನೇದು: ಹ್ಯಾಂಡ್ಲರ್ ಕೊನೇ ಸಾಲಲ್ಲಿ ನಿಂತು "ಒಂದು ಸಾಲು ಹೋಗು" ಅಂದ್ರೆ, ಬಿಟ್ಟುಬಂದ ಮುಖ್ಯ ಪ್ರೋಗ್ರಾಮಿಗೆ ವಾಪಸ್ ಬರಬೇಕು.

ಎರಡು ಪಾಸು. ಮೂರನೇದು ಫೇಲು. ಹ್ಯಾಂಡ್ಲರಿಂದ ಹೊರಟಿದ್ದು ಮನೆಗೆ ಬರ್ಲೇ ಇಲ್ಲ. ಯಾವ್ದೋ ವಿಳಾಸ ತೋರಿಸಿ, ಹೆಸರಿರಬೇಕಾದ ಜಾಗದಲ್ಲಿ ಎರಡು ಪ್ರಶ್ನೆ ಗುರುತು ಹಾಕ್ಕೊಂಡು ನಿಂತ್ಬಿಡ್ತು. ಜಿಡಿಬಿಗೆ ತಾನೆಲ್ಲಿದ್ದೀನಿ ಅಂತ ತಿಳೀದಿದ್ರೆ ಹಂಗೇ ಬರೆಯೋದು. "ಇಲ್ಲಿಗೆ ಹೆಂಗ್ ಬಂದೆ, ದಾರಿ ಹೇಳು" ಅಂದ್ರೆ ಅದೂ ಗೊತ್ತಿಲ್ಲ.

ಆ ದಿನಗಳಲ್ಲೇ ಕೆಳಗಡೆ ಗಂಟೆ ಬಾರಿಸ್ತಿತ್ತು. ಇಳಿದು ಹೋದ್ರೆ ಅತ್ತೆ ಕಣ್ಣು ಬಿಟ್ಕೊಂಡು, "ಇದ್ಯಾವೂರವ್ವ? ನಮ್ಮಟ್ಟಿಗೆ ಯಾವಾಗ್ ಕರ್ಕೊಂಡೋಗೀಯೆ?" ಅನ್ನೋರು. ಮಲಗಿದ್ದು ಅವರದೇ ರೂಮು. ಗೋಡೆ ಮೇಲೆ ಅವರೇ ತೂಗುಹಾಕಿದ ಶ್ರೀಕಂಠೇಶ್ವರನ ಪಟ. ಒಂದು ರಾತ್ರಿ ನನ್ನನ್ನೇ "ನೀನ್ಯಾರ ಮಗಳು ಕೂಸೆ" ಅಂದ್ರು. ನಮ್ಮೆಜಮಾನ್ರು ಬಾಗಿಲ ಹತ್ರ ನಿಂತು ಅತ್ತುಬಿಟ್ರು.

ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ್ಮೇಲೆ ಹಿಂಗೆ ಆಗೋದುಂಟು, ಸಾಮಾನ್ಯವಾಗಿ ದಿನಗಳಲ್ಲೋ ವಾರಗಳಲ್ಲೋ ಕಮ್ಮಿ ಆಗ್ತದೆ ಅಂದ್ರು ಡಾಕ್ಟ್ರು. ಹೆಚ್ಚಾದ್ರೆ, ಜ್ವರ ಬಂದ್ರೆ, ಉಚ್ಚೆ ಉರಿ ಅಂದ್ರೆ ತಡ ಮಾಡ್ದೆ ಕರ್ಕೊಂಡ್ ಬನ್ನಿ ಅಂದ್ರು. ಮನೇಲಿ ಮಾಡೋದಂತ ಕೆಲವು ಹೇಳಿಕೊಟ್ರು: ಕನ್ನಡಕ ಹಾಕಿ, ಕಣ್ಣಿಗೆ ಕಾಣೋ ಕಡೆ ಗಡಿಯಾರ ಕ್ಯಾಲೆಂಡರ್ ಇಡಿ, ಹಗಲು ಕಿಟಕಿ ತೆಗೀರಿ, ರಾತ್ರಿ ಸಣ್ಣ ದೀಪ ಇರ್ಲಿ, ಗುರುತಿನ ಮುಖ ಹತ್ರ ಇರ್ಲಿ, ಯಾವೂರು ಯಾವ ದಿನ ಅಂತ ಸಮಾಧಾನವಾಗಿ ಹೇಳ್ತಾ ಇರಿ, ವಾದ ಮಾಡ್ಬೇಡಿ. ನಿಮ್ಮಲ್ಲಿ ಯಾರ ಮನೇಲಾದ್ರೂ ಹಿಂಗಿದ್ರೆ ಇದನ್ನ ಬರ್ಕೊಳಿ, ಉಪಯೋಗಕ್ಕೆ ಬರ್ತದೆ.

ಹಂಗಾಗಿ ರಾತ್ರಿ ನಂದು ಇಳಿಯೋದು, ಹತ್ತೋದು. ಕೆಳಗೆ ಹೋಗಿ, "ಅತ್ತೆ, ಇದು ನಂಜನಗೂಡು, ನಮ್ಮನೆ. ಇವತ್ತು ಸೋಮವಾರ. ಬೆಳಿಗ್ಗೆ ನಾನೇ ನಿಮ್ಗೆ ತಲೆ ಬಾಚ್ದೆ. ಮಧ್ಯಾಹ್ನ ಬಸ್ಸಾರು ಉಂಡ್ರಿ" ಅನ್ನೋದು. ಬೆಳಗಿಂದ ನಡೆದಿದ್ದನ್ನ ಒಂದೊಂದೇ ಹೇಳ್ತಾ ಬಂದ್ರೆ ಎಲ್ಲೋ ಒಂದು ಕಡೆ ಅವರಿಗೆ ಸಿಗೋದು. "ಹೂಂ, ಉಪ್ಪು ಕಮ್ಮಿ ಇತ್ತು" ಅನ್ನೋರು. ಅಲ್ಲಿಗೆ ಮನೆ ಸೇರಿದ್ರು ಅಂತ ಲೆಕ್ಕ. ಆಮೇಲೆ ನಾನು ಮೇಲೆ ಬಂದು ಪುಸ್ತಕದಲ್ಲಿ ಬರೆದಿಟ್ಟ ಕೊನೇ ಸಾಲು ನೋಡಿ ಅಲ್ಲಿಂದ ಶುರು ಮಾಡೋದು. ಏಳೋ ಮುಂಚೆ ಒಂದು ಸಾಲು ಬರೆದೇ ಏಳೋದು, ಗಂಟೆ ಎಷ್ಟು ಜೋರಾಗಿ ಬಾರಿಸ್ತಿದ್ರೂನೂವೆ. ಅಜ್ಜಿ ಹುಣಸೆಬೀಜ ಅದು.

ಮೇಲೆ ನಾನು ಮಾಡ್ತಿದ್ದುದೂ ಅದೇ ಥರದ್ದು. ಒಂದು ಸಾಲಿನಲ್ಲಿ ಹತ್ತಾರು ಸಣ್ಣ ಆಜ್ಞೆ ಇರ್ತಾವೆ. ಸಾಲು ಬಿಟ್ಟು ಒಂದೊಂದೇ ಆಜ್ಞೆ ಹೋಗೋದಕ್ಕೆ 'ಸ್ಟೆಪ್-ಐ' ಅಂತ ಇದೆ. ಹ್ಯಾಂಡ್ಲರ್ ಕೊನೆಯಿಂದ ಆಜ್ಞೆ ಆಜ್ಞೆಯಾಗಿ ನಡೆಸಿದೆ. ವಿಷಯ ಏನಂದ್ರೆ, ಹ್ಯಾಂಡ್ಲರ್ ಮುಗಿದ ಮೇಲೆ ಪ್ರೋಗ್ರಾಂ ಸೀದಾ ಮನೆಗೆ ಬರಲ್ಲ. ಮಧ್ಯೆ ಒಂದು ಪುಟ್ಟ ಹೊಸಲು ಇದೆ. ಅದರಲ್ಲಿ ಎರಡೇ ಆಜ್ಞೆ: ಒಂದು ನಂಬರ್ ಹಿಡ್ಕೋ, ಕರ್ನಲ್ಲನ್ನ ಕರಿ. ಈಚಿನ ಎಷ್ಟೋ ಜಾತಿ ಪ್ರೊಸೆಸರುಗಳಿಗೆ ಲಿನಕ್ಸ್‌ನಲ್ಲಿ ಆ ನಂಬರ್ 139. ಅಂದ್ರೆ "ಜೋಡಿಸಿಟ್ಟಿದ್ದನ್ನ ವಾಪಸ್ ಕೊಡು" ಅನ್ನೋ ಕೋರಿಕೆ. ಈ ಹೊಸಲು ಯಾರ ಪ್ರೋಗ್ರಾಮಲ್ಲೂ ಬರೆದಿರೋದಲ್ಲ, ಅದಕ್ಕೆ ಸಾಲಿನ ನಂಬರೂ ಇಲ್ಲ. ಜಿಡಿಬಿ ಆ ಆಜ್ಞೆಗಳ ಮುಖ ನೋಡೇ "ಓ, ಇದು ಸಿಗ್ನಲ್ ಹೊಸಲು" ಅಂತ ಗುರುತು ಹಿಡಿಯೋದು, ದಾಟಿಸಿ ಮನೆ ಮುಟ್ಟಿಸೋದು.

ನಮ್ಮ ಬೋರ್ಡಿನ ಕರ್ನಲ್ಲಲ್ಲಿ ಆ ಎರಡು ಆಜ್ಞೆಗಳ ಮಧ್ಯೆ, ಹೊಸ ಪ್ರೊಸೆಸರಿಗೆ ಬೇಕು ಅಂತ, ಇನ್ನೊಂದು ಆಜ್ಞೆ ಸೇರಿಸಿದ್ರು. ಏನೂ ಮಾಡ್ದೆ ಇರೋ ಆಜ್ಞೆ, ಸುಮ್ನೆ ಒಂದು ಉಸಿರು. ಪ್ರೋಗ್ರಾಮಿಗೆ ಅದರಿಂದ ಏನೂ ತೊಂದ್ರೆ ಇಲ್ಲ. ಡೀಬಗರ್ ಇಲ್ದೆ ಓಡಿಸಿದ್ರೆ ಸುಖವಾಗಿ ಮನೆ ಸೇರ್ತಿತ್ತು. ಆದ್ರೆ ಪಕ್ಕಪಕ್ಕ ಎರಡು ಮುಖ ಹುಡುಕ್ತಿದ್ದ ಜಿಡಿಬಿಗೆ ಮೂರು ಕಂಡು ಗುರುತು ಸಿಗ್ಲಿಲ್ಲ. ಅದು ಹೊಸಲ ಮೇಲೇ ನಿಂತ್ಕೊಂಡು ಇದ್ಯಾವೂರು ಅಂತಿತ್ತು.

ಅದು ಕಂಡಾಗ ಬೆಳಗಿನ ಜಾವ ಮೂರೂವರೆ. ಕುಣಿದಾಡೋಣ ಅನ್ನಿಸ್ತು, ಎಲ್ಲಾ ಮಲಗಿದ್ರಲ್ಲ, ಕಾಫಿ ಮಾಡ್ಕೊಂಡು ಕುಡಿದೆ.

ತಿದ್ದಿದ್ದು ಕೆಲವೇ ಸಾಲು: ಹೊಸಲು ಹಿಂಗೂ ಇರಬಹುದು ಅಂತ ಜಿಡಿಬಿಗೆ ಹೇಳಿಕೊಟ್ಟಿದ್ದು. ಆದ್ರೆ ಸಿಗ್ನಲ್ ಪರೀಕ್ಷೇಲಿ ಒಂದು ಸಲ ಪಾಸಾಯ್ತು ಅಂತ ನಂಬೋಹಂಗಿಲ್ಲ. ಅಲಾರಂ ಯಾವ ಗಳಿಗೇಲಿ ಹೊಡೀತದೋ ಅದರ ಮೇಲೆ ಇವತ್ತು ಪಾಸು ನಾಳೆ ಫೇಲು ಆಗ್ತದೆ. ಅದಕ್ಕೇ ರಾತ್ರಿಯೆಲ್ಲ ನೂರು ಸಲ ಓಡಿಸ್ದೆ, ಮಾರನೇ ರಾತ್ರಿ ಇನ್ನೂರು ಸಲ. ಒಂದೂ ಫೇಲ್ ಇಲ್ಲ. ಕಾರಣ, ತಿದ್ದಿದ್ದು, ಮುನ್ನೂರು ಸಲದ ಲೆಕ್ಕ, ಎಲ್ಲಾ ಬರೆದು ಕಳಿಸಿದೆ. ಆರು ತಿಂಗಳು ಮನೆಯಿಂದ್ಲೇ ಮುಂದುವರೀರಿ ಅಂತ ಉತ್ತರ ಬಂತು. ಆರೇ ತಿಂಗಳು. ಆಮೇಲಿಂದು ಆಮೇಲೆ.

ಅತ್ತೆ ಈಗ ವಾಕರ್ ಹಿಡ್ಕೊಂಡು ನಡುಮನೆವರೆಗೆ ಬರ್ತಾರೆ. ಹಗಲು ಎಲ್ಲಾ ಸರಿ, ಕೆಲವು ರಾತ್ರಿ ಇನ್ನೂ ಊರು ಕೇಳ್ತಾರೆ. ಮೊನ್ನೆ ನಾದಿನಿ ಬಂದು ಹದಿನೈದು ದಿನ ಇದ್ದು, ರಾತ್ರಿ ಪಾಳಿ ತಾನು ತಕ್ಕೊಂಡ್ಳು. ಮಗ ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿಸಿದ್ದಾನೆ. ಅಜ್ಜಿ ಗಂಟೆ: ನಿಲ್ಲಿಸು, ಹೇಳು, ಮುಟ್ಟಿಸು. ಹಾಲು ಉಕ್ಕೋದು: ಅಪ್ಪಂಗೆ ಮುಟ್ಟಿಸು. ಕೊರಿಯರ್ರು: ಸಾಯಂಕಾಲ ಹೇಳು. ಸೊಪ್ಪಿನೋಳು: ಅಜ್ಜೀನೇ ಮಾತಾಡ್ತಾರೆ. ಕೊನೇದು ಅತ್ತೆ ಹೇಳಿ ಬರೆಸಿದ್ದು. ಮಂಚ ಈಗ ಕಿಟಕಿ ಹತ್ರ ಹಾಕಿದ್ದೀವಿ, ಮಲಗಿದಲ್ಲಿಂದ್ಲೇ ದಂಟಿನ ಸೊಪ್ಪಿಗೆ ಚೌಕಾಸಿ ನಡೀತದೆ.

"ಬುಟ್ಬುಡು" ಅಂದೋರಿಗೆ ನಂಗೆ ಕೋಪ ಇಲ್ಲ. ನನ್ನ ಮೇಲಿನ ಅಕ್ಕರೆಗೇ ಅಂದಿದ್ದು ಅಂತ ಗೊತ್ತು. ಆದ್ರೆ ಬಿಡಲ್ಲ. ದೊಡ್ಡ ಜಾತ್ರೆ ಹತ್ರ ಬರ್ತಾ ಇದೆ, ಐದು ತೇರು ಎಳೆಯೋ ದಿನ ನೀವೆಲ್ಲ ನಮ್ಮನೇಗೇ ಊಟಕ್ಕೆ ಬರಬೇಕು, ಅತ್ತೆ ಹೆಸರು ಹೆಸರು ಹಿಡಿದು ಕೇಳ್ತಾ ಇದಾರೆ. ಅದುವರೆಗೆ ಒಂದೇ ಕೋರಿಕೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಫೋನ್ ಮಾಡೋ ಬದ್ಲು ಒಂದು ಮೆಸೇಜ್ ಹಾಕಿ, ಬೆಳಿಗ್ಗೆ ನಾನೇ ಮಾಡ್ತೀನಿ. ಅರ್ಜೆಂಟಾಗಿದ್ರೆ ಬಿಡದಂಗೆ ಎರಡು ಸಲ ರಿಂಗ್ ಕೊಡಿ, ಏನೇ ಇರ್ಲಿ ಎತ್ತುತೀನಿ. ದೊಡ್ಡವ್ವ, ನಿಮಗೆ ಮಾತ್ರ ಯಾವ ಹೊತ್ತಾದ್ರೂ ಸರಿ.